ಮೂವತ್ತು ಗಂಟೆಯ ಗಡಿಬಿಡಿ

ಈ ಸಲದ ಮೂವತ್ತು ಗಂಟೆಯ ಪಾಠವನ್ನು ಹಿಮ ಬೀಳುವ ಮೊದಲೇ ಮುಗಿಸಿ ಬಿಸಾಕುತ್ತೇನೆ ಎಂದು ಆರ್ವಿಡ್ ಲಾಹ್ತಿ ಘೋಷಿಸಿದ್ದು ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ, ಏಲಕ್ಕಿ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದುತ್ತಾ. ಹೆಂಡತಿ ವೆರ್ನಾ ಹೆಣಿಗೆಯಿಂದ ತಲೆ ಎತ್ತಲಿಲ್ಲ. ಎರಡು ವರ್ಷದ ಹಿಂದೆಯೂ ಇದೇ ಘೋಷಣೆಯಾಗಿತ್ತು, ಅದಕ್ಕೂ ಎರಡು ವರ್ಷದ ಹಿಂದೆಯೂ ಆಗಿತ್ತು. ಪ್ರತಿ ಸಲವೂ ಕೊನೆಯ ವಾರದಲ್ಲಿ ಆರ್ವಿಡ್ ಬಾಲ ಸುಟ್ಟ ಬೆಕ್ಕಿನಂತೆ ಮನೆಯೆಲ್ಲ ಓಡಾಡಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಆರ್ವಿಡ್ ಸುಪೀರಿಯರ್ ಸರೋವರದ ದಂಡೆಯ ಊರೊಂದರಲ್ಲಿ ಲೈಸೆನ್ಸ್ ಪಡೆದ ಸರ್ವೇಯರ್. ಇಪ್ಪತ್ತಾರು ವರ್ಷದ ಅನುಭವ. ನೂರು ವರ್ಷದ ಹಿಂದೆ ಯಾರೋ ಪುಣ್ಯಾತ್ಮ ಕೆಸರಿನಲ್ಲಿ ಹೂತ ಗಡಿಯ ಹದ್ದುಗಲ್ಲನ್ನು, ಸೊಳ್ಳೆಗಳ ಸೈನ್ಯವನ್ನು ಭೇದಿಸಿ ಸೊಂಟದ ಮಟ್ಟ ನೀರಲ್ಲಿ ನಿಂತು ಹುಡುಕಿ ತೆಗೆಯುವ ಗಂಡು. ಆ ಜಿಲ್ಲೆಯ ಯಾವ ಮೂಲೆಗೆ ಹೋದರೂ ಅವನ ಲೈಸೆನ್ಸ್ ನಂಬರ್ ಒತ್ತಿದ ಬಿಲ್ಲೆ ಹೊತ್ತ ಕಬ್ಬಿಣದ ಗೂಟ ನೆಲದಿಂದ ಇಣುಕುತ್ತಿತ್ತು. ಇಂಥವನಿಗೂ ಎರಡು ವರ್ಷಕ್ಕೊಮ್ಮೆ ಮೂವತ್ತು ಗಂಟೆ ಹೊಸ ಪಾಠ ಕಲಿಯದಿದ್ದರೆ ಲೈಸೆನ್ಸ್ ಇಲ್ಲ ಎಂಬುದು ರಾಜ್ಯದ ಮಂಡಳಿಯ ನಿಯಮ. ಕಾಡನ್ನು ಜಯಿಸಿದವನು ಸೋಲುತ್ತಿದ್ದದ್ದು ಕುರ್ಚಿಯ ಮುಂದೆ.

ಪಾಠಗಳೆಲ್ಲ ಕಂಪ್ಯೂಟರಿನಲ್ಲೇ ಇದ್ದವು. ಆರ್ವಿಡ್‌ಗೆ ತನ್ನ ಹಳೆಯ ಪಾಸ್‌ವರ್ಡ್ ಮರೆತಿತ್ತು. ಹೊಸದನ್ನು ಕಳಿಸುವ ಇಮೇಲಿನ ಪಾಸ್‌ವರ್ಡೂ ಮರೆತಿತ್ತು. ಕೊನೆಗೆ ವೆರ್ನಾ ತನ್ನ ಇಮೇಲಿನಿಂದಲೇ ಖಾತೆ ತೆರೆದುಕೊಟ್ಟಳು. ಪಾಠ ಶುರುವಾಯಿತು. ಆದರೆ ಅದನ್ನು ಮಾಡಿದವರು ಬಲು ಕಿಲಾಡಿಗಳು. ಹತ್ತು ನಿಮಿಷಕ್ಕೊಮ್ಮೆ ತೆರೆಯ ಮೇಲೆ ‘ಇದ್ದೀರಾ?’ ಎಂಬ ಚೌಕ ಮೂಡುತ್ತಿತ್ತು. ‘ಇದ್ದೇನೆ’ ಎಂದು ಒತ್ತದಿದ್ದರೆ ಪಾಠ ಮತ್ತೆ ಮೊದಲಿನಿಂದ. ಆರ್ವಿಡ್ ಏಳನೆಯ ನಿಮಿಷಕ್ಕೆ ಗೊರಕೆ ಹೊಡೆಯುತ್ತಿದ್ದ. ಹೀಗಾಗಿ ಒಂದು ಗಂಟೆಯ ಮೊದಲ ಪಾಠ ನಾಲ್ಕು ದಿನವಾದರೂ ಮುಗಿಯಲಿಲ್ಲ; ಅದರ ಮೊದಲ ವಾಕ್ಯ ಮಾತ್ರ ಅವನಿಗೆ ಬಾಯಿಪಾಠವಾಯಿತು.

ಪಕ್ಕದಲ್ಲಿ ಹೆಣೆಯುತ್ತಾ ಕೂತ ವೆರ್ನಾ ಮೊದಮೊದಲು ಅವನ ಪಕ್ಕೆಗೆ ಹೆಣಿಗೆ ಕಡ್ಡಿಯಿಂದ ತಿವಿದು ಎಬ್ಬಿಸುತ್ತಿದ್ದಳು. ಆಮೇಲೆ ತಿವಿಯುವುದಕ್ಕಿಂತ ತಾನೇ ಒತ್ತುವುದು ಸುಲಭ ಅನ್ನಿಸಿತು. ಆಮೇಲೆ ಆರ್ವಿಡ್ ಹಿತ್ತಲಿನ ಸೌನಾ ಎಂಬ ಬಿಸಿಹಬೆ ಕೋಣೆಯ ಒಲೆಗೆ ಸೌದೆ ಒಡೆಯಬೇಕು ಎಂದು ಎದ್ದುಹೋದ. ಸುಮ್ಮನೆ ಒಂದು ಗುಂಡಿ ಒತ್ತುವುದು ತಾನೇ, ಅದಕ್ಕೆ ಮನೆಗೊಬ್ಬರು ಸಾಕು ಎಂಬುದು ಅವನ ವಾದ. ಆ ಚಳಿಗಾಲಕ್ಕೆ ಲಾಹ್ತಿ ಮನೆಯಲ್ಲಿ ಬಿದ್ದಷ್ಟು ಸೌದೆ ಇಡೀ ಬೀದಿಯಲ್ಲಿ ಇರಲಿಲ್ಲ.

ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದ ವೆರ್ನಾಗೆ ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡಿ ಗೊತ್ತಿರಲಿಲ್ಲ. ಒತ್ತಲು ಕೂತವಳು ಕೇಳತೊಡಗಿದಳು. ಕೇಳಿದವಳಿಗೆ ರುಚಿ ಹತ್ತಿತು. ಹೊಳೆ ಮೆಲ್ಲಗೆ ಪಾತ್ರ ಬದಲಿಸಿದರೆ ಗಡಿಯೂ ಅದರ ಜೊತೆ ಸರಿಯುತ್ತದಂತೆ, ಒಂದೇ ಪ್ರವಾಹದಲ್ಲಿ ಹೊಸ ಪಾತ್ರಕ್ಕೆ ಹಾರಿದರೆ ಗಡಿ ಇದ್ದಲ್ಲೇ ಇರುತ್ತದಂತೆ ಎಂದು ರಾತ್ರಿ ಊಟಕ್ಕೆ ಕೂತಾಗ ವಿವರಿಸುತ್ತಿದ್ದಳು. ಆರ್ವಿಡ್ ಉಪ್ಪು ಕೊಡು ಎನ್ನುತ್ತಿದ್ದ. ಪ್ರತಿ ಪಾಠದ ಕೊನೆಯ ಪರೀಕ್ಷೆಯನ್ನೂ ಅವಳೇ ಬರೆದಳು. ನೂರಕ್ಕೆ ತೊಂಬತ್ತಕ್ಕಿಂತ ಕಡಿಮೆ ಬಂದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಒಂದೊಂದೇ ಪ್ರಮಾಣಪತ್ರ ಅಚ್ಚಾಗಿ ಬಂತು, ಆರ್ವಿಡ್ ಅವನ್ನೆಲ್ಲ ತಿರುಗಿಯೂ ನೋಡದೆ ಕಡತಕ್ಕೆ ಸೇರಿಸಿದ. ನವೆಂಬರ್ ಹೊತ್ತಿಗೆ ಇಪ್ಪತ್ತೆಂಟು ಗಂಟೆ ಮುಗಿದಿತ್ತು. ವೃತ್ತಿಯ ನೀತಿ ಎಂಬ ಎರಡು ಗಂಟೆಯ ಪಾಠ ಮಾತ್ರ ಬಾಕಿ. ನೀತಿಗೇನು ಅವಸರ ಎಂದು ಇಬ್ಬರೂ ಸುಮ್ಮನಾದರು.

ಆಗ ಬಂತು ಮಂಡಳಿಯ ಪತ್ರ. ಪರಿಶೀಲನೆಗೆ ನಿಮ್ಮ ಹೆಸರು ಆಯ್ಕೆಯಾಗಿದೆ, ಹದಿನಾಲ್ಕು ದಿನದೊಳಗೆ ಎಲ್ಲ ಪ್ರಮಾಣಪತ್ರ ಕಳಿಸಿ, ತಪ್ಪಿದರೆ ಲೈಸೆನ್ಸ್ ಅಮಾನತು. ಆರ್ವಿಡ್ ಎದೆ ಉಬ್ಬಿಸಿಕೊಂಡು ಕಡತ ಬಿಚ್ಚಿದ. ಮೊದಲನೆಯ ಹಾಳೆ ನೋಡಿದ. ಕನ್ನಡಕ ಒರೆಸಿದ. ಎರಡನೆಯದು ನೋಡಿದ. ಇಪ್ಪತ್ತೆಂಟೂ ನೋಡಿದ.

“ವೆರ್ನಾ, ಇದರಲ್ಲೆಲ್ಲಾ ನಿನ್ನ ಹೆಸರಿದೆ.”

“ನನ್ನ ಖಾತೆ ಅಲ್ವಾ.”

“ಆದ್ರೆ ಪಾಠ ನಂದು.”

“ನಿಂದಾ?” ಅಂದಳು ವೆರ್ನಾ. “ಹೊಳೆ ಹಾರಿದ್ರೆ ಗಡಿ ಎಲ್ಲಿರತ್ತೆ, ಹೇಳು ನೋಡಣ.”

ಆರ್ವಿಡ್ ಕನ್ನಡಕವನ್ನು ಮತ್ತೊಮ್ಮೆ ಒರೆಸಿದ. ಅದು ಅವನಿಗೆ ಗೊತ್ತಿದ್ದ ವಿಷಯವೇ. ಆದರೆ ಆ ಗಳಿಗೆಯಲ್ಲಿ ಹೊಳೆ, ಗಡಿ, ಹೆಂಡತಿ ಮೂರೂ ತಲೆಯೊಳಗೆ ಸುಳಿಯಾಗಿ ತಿರುಗಿ ಯಾವುದು ಎಲ್ಲಿ ನಿಂತಿತೋ ತಿಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಮಂಡಳಿಗೆ ಫೋನ್ ಮಾಡಿದ. ಬೇರೆ ಯಾರದೋ ಸಂಶಯ ಕೇಳುವವನಂತೆ ಕೇಳಿ ತಿಳಿದುಕೊಂಡರಾಯಿತು ಎಂಬುದು ಅವನ ಯೋಜನೆ. ಫೋನ್ ಎತ್ತಿದವರು ಮಿಸ್ ಇಂಗರ್ಸಾಲ್ ಎಂಬ ಗುಮಾಸ್ತೆ, ಅಳತೆಪಟ್ಟಿಯಷ್ಟೇ ನೆಟ್ಟಗಿನ ದನಿ. ವೆರ್ನಾ ಲಾಹ್ತಿ ಎಂಬ ಹೆಸರಲ್ಲಿ ಇಪ್ಪತ್ತೆಂಟು ಗಂಟೆಯ ಪ್ರಮಾಣಪತ್ರ ಇದ್ದರೆ ಏನು ಮಾಡಬೇಕು ಎಂದು ಇವನು ಕೇಳಿದ.

“ಅವರ ಲೈಸೆನ್ಸ್ ನಂಬರ್ ಹೇಳಿ.”

“ಅವಳಿಗೆ ಲೈಸೆನ್ಸ್ ಇಲ್ಲ.”

“ಲೈಸೆನ್ಸ್ ಇಲ್ದೆ ಸರ್ವೆ ಮಾಡ್ತಿದಾರಾ?”

“ಇಲ್ಲ ಮೇಡಂ, ಅವಳು ಸರ್ವೆ ಮಾಡಲ್ಲ. ಅಡುಗೆ ಮಾಡ್ತಿದ್ಲು, ಈಗ ಅದೂ ನಿವೃತ್ತಿ.”

“ಮತ್ತೆ ಇಪ್ಪತ್ತೆಂಟು ಗಂಟೆ ಯಾಕೆ ಕಲಿತ್ರು?”

“ಆಸಕ್ತಿ.”

“ನೀವು ಯಾರು?”

“ಅವಳ ಗಂಡ.”

“ನೀವೇನು ಮಾಡ್ತೀರಿ?”

“ಸರ್ವೆ ಮಾಡ್ತೀನಿ.”

“ನೀವೆಷ್ಟು ಗಂಟೆ ಕಲಿತಿದೀರಿ?”

ಫೋನ್ ತಾನಾಗಿಯೇ ಕಟ್ ಆಯಿತು ಎಂದು ಆರ್ವಿಡ್ ಇಂದಿಗೂ ಸಾಧಿಸುತ್ತಾನೆ.

ಸಂಜೆ ಅವನು ಪಕ್ಕದೂರಿನ ಸರ್ವೇಯರ್ ಚೆಸ್ಟರ್ ಡುಬೆಯ ಬಳಿಗೆ ಓಡಿದ. ಇಪ್ಪತ್ತು ವರ್ಷದ ಗೆಳೆತನ. ಚೆಸ್ಟರ್‌ಗೆ ಎಲ್ಲದಕ್ಕೂ ಅಡ್ಡದಾರಿ ಗೊತ್ತಿತ್ತು. ಅವನು ಹೇಳಿದ್ದು ಎರಡು ಉಪಾಯ. ಒಂದು, ಗುರುವಾರ ಸರ್ವೇಯರರ ವಾರ್ಷಿಕ ಸಮಾವೇಶವಿದೆ, ಒಂದೇ ದಿನಕ್ಕೆ ಎಂಟು ಗಂಟೆ ಸಿಗುತ್ತದೆ. ಎರಡು, “ಉಳಿದಿದ್ದಕ್ಕೆ ಹೆಸರು ತಿದ್ದಿಸ್ಕೋ ಮಾರಾಯ. ಖಾತೆ ತೆರೆಯುವಾಗ ಕೈತಪ್ಪಾಗಿದೆ ಅಂತ ಒಂದು ಇಮೇಲ್ ಹಾಕು. ಸುಳ್ಳೇನಲ್ಲ, ಕೈ ತಪ್ಪಿರೋದಂತೂ ನಿಜ.”

ಗುರುವಾರ ಹಿಮ ಸುರಿಯುತ್ತಿತ್ತು. ಮೂರು ಗಂಟೆ ಗಾಡಿ ಓಡಿಸಿ ಆರ್ವಿಡ್ ಆ ಹೋಟೆಲು ಮುಟ್ಟುವ ಹೊತ್ತಿಗೆ ತಡವಾಗಿತ್ತು. ಒಳಗೆ ಉದ್ದುದ್ದ ಓಣಿಗಳು, ಎಲ್ಲ ಬಾಗಿಲೂ ಒಂದೇ ತರ. ‘ವಾರ್ಷಿಕ ಸಮಾವೇಶ’ ಎಂಬ ಬಾಣದ ಗುರುತು ಕಂಡಿತು, ಹಿಂಬಾಲಿಸಿದ. ಸಭಾಂಗಣದ ಬಾಗಿಲಲ್ಲಿ ಹೆಸರು ಬರೆದು ಸಹಿ ಹಾಕಿ ಹಿಂದಿನ ಸಾಲಲ್ಲಿ ಕೂತ. ಕಾಡಿನಲ್ಲಿ ನಕ್ಷೆಯಿಲ್ಲದೆ ದಿಕ್ಕು ಹೇಳುವ ಮಹಾಶಯನಿಗೆ ಆ ಓಣಿಯಲ್ಲಿ ಬಾಣಗಳು ಎರಡಿದ್ದವು ಎಂಬುದು ಕಾಣಲಿಲ್ಲ.

ವೇದಿಕೆಯ ಮೇಲೆ ದಪ್ಪ ಕನ್ನಡಕದ ಹೆಂಗಸೊಬ್ಬರು ಸೊಗಸಾಗಿ ಮಾತಾಡುತ್ತಿದ್ದರು. ಹಳೆಯ ನಕ್ಷೆಯನ್ನು ನಂಬಬೇಡಿ, ಅಗೆಯುವ ಮೊದಲು ಅಳೆಯಿರಿ, ಚಳಿಗೆ ನೆಲ ಉಬ್ಬಿ ಕಲ್ಲುಗಳು ವಾಲುತ್ತವೆ, ಅಂಗುಲ ಹೆಚ್ಚುಕಮ್ಮಿಯಾದರೂ ಪಕ್ಕದ ಜಾಗಕ್ಕೆ ಹೋಗುತ್ತದೆ. ಆರ್ವಿಡ್‌ಗೆ ಜನ್ಮ ಸಾರ್ಥಕವಾಯಿತು. ನಿದ್ದೆಯೇ ಬರದ ಮೊದಲ ಪಾಠ ಇದು. ಪುಟಗಟ್ಟಲೆ ಬರೆದುಕೊಂಡ. ಕೊನೆಗೆ ಧೈರ್ಯ ಮಾಡಿ ಕೈ ಎತ್ತಿ, ಇಷ್ಟೆಲ್ಲ ಸರಿಯಾಗಿ ಅಳೆದರೂ ಪಕ್ಕದವರು ತಕರಾರು ತೆಗೆದರೆ ಏನು ಮಾಡುತ್ತೀರಿ ಎಂದು ಕೇಳಿದ.

ಮುಂದಿನ ಸಾಲುಗಳೆಲ್ಲ ಹಿಂದಕ್ಕೆ ತಿರುಗಿದವು. ಆ ಹೆಂಗಸು ಕನ್ನಡಕ ತೆಗೆದು ಅವನನ್ನು ನೋಡಿದರು.

“ಮೂವತ್ತು ವರ್ಷದಿಂದ ಈ ಕೆಲಸದಲ್ಲಿದೀನಿ ಸಾರ್. ಪಕ್ಕದವರು ಇದುವರೆಗೂ ತಕರಾರು ಮಾಡಿಲ್ಲ.”

ಅದು ಸ್ಮಶಾನ ನೋಡಿಕೊಳ್ಳುವವರ ಸಮಾವೇಶವಾಗಿತ್ತು.

ನಗುವಿನ ನಡುವೆ ಎದ್ದು ಓಡಿ, ಸರ್ವೇಯರರ ಸಭಾಂಗಣ ಪತ್ತೆ ಹಚ್ಚುವಷ್ಟರಲ್ಲಿ ಮಧ್ಯಾಹ್ನದ ಊಟ. ಬೆಳಗಿನ ಸಹಿ ಇಲ್ಲದವರಿಗೆ ಆ ದಿನದ ಗಂಟೆಗಳು ಸಿಗುವುದಿಲ್ಲ ಎಂದರು. ವಾಪಸು ಗಾಡಿ ಹತ್ತುವಾಗ ಕನ್ನಡಕದ ಹೆಂಗಸು ಬಾಗಿಲ ತನಕ ಬಂದು, ನೀವು ಗಮನವಿಟ್ಟು ಕೇಳಿದಿರಿ ಎಂದು ಮೂರು ಗಂಟೆಯ ಪ್ರಮಾಣಪತ್ರವನ್ನು ಕೈಗಿತ್ತರು. ಅದರಲ್ಲಿ ಆರ್ವಿಡ್ ಲಾಹ್ತಿ ಎಂಬ ಹೆಸರು ಒಂದಕ್ಷರ ತಪ್ಪಿಲ್ಲದೆ ಅಚ್ಚಾಗಿತ್ತು.

ಈಗ ಮನೆಯ ಪರಿಸ್ಥಿತಿ ಹೀಗಾಯಿತು: ಕಾಗದದ ಪ್ರಕಾರ ಹೆಂಡತಿ ಸರ್ವೇಯರ್, ಗಂಡ ಮಸಣ ಕಾಯುವವನು.

ಉಳಿದದ್ದು ನಾಲ್ಕು ದಿನ. ಆರ್ವಿಡ್ ತನ್ನ ಹೆಸರಿನಲ್ಲೇ ಹೊಸ ಖಾತೆ ತೆರೆದು, ಪಾಸ್‌ವರ್ಡನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಆ ಬಾಕಿ ನೀತಿಪಾಠಕ್ಕೆ ಕೂತ. ಅದು ಮುಗಿಸಿ ಚೆಸ್ಟರ್ ಹೇಳಿದಂತೆ ಹೆಸರು ತಿದ್ದಿಸಲು ಬರೆದರಾಯಿತು ಎಂದುಕೊಂಡಿದ್ದ. ಆ ಇಮೇಲನ್ನು ಆಗಲೇ ಬೆರಳಚ್ಚು ಮಾಡಿಯೂ ಇಟ್ಟಿದ್ದ. ಪರೀಕ್ಷೆಯ ನಾಲ್ಕನೆಯ ಪ್ರಶ್ನೆ ಬಂತು. ತಾನು ಖುದ್ದಾಗಿ ನೋಡದ ಹದ್ದುಗಲ್ಲಿಗೆ ಸರ್ವೇಯರ್ ಸಹಿ ಹಾಕಬಹುದೇ?

ಕೂಡದು ಎಂದು ಆರ್ವಿಡ್ ಗುಂಡಿ ಮುರಿಯುವಷ್ಟು ಜೋರಾಗಿ ಒತ್ತಿದ. ಜನ್ಮದಲ್ಲಿ ಅಂಥ ಕೆಲಸ ಮಾಡಿದವನಲ್ಲ. ಹಿಂದೊಮ್ಮೆ ಸ್ವಂತ ಭಾವಮೈದುನ, ಬೇಲಿ ಪಕ್ಕದ ಗೂಟ ಅಲ್ಲೇ ಇದೆ, ನೋಡದಿದ್ದರೂ ಪರವಾಗಿಲ್ಲ, ಸಹಿ ಹಾಕು ಎಂದಾಗ ಮೊಣಕಾಲ ಮಟ್ಟದ ಹಿಮ ತೋಡಿ ಗೂಟ ಮುಟ್ಟಿದ ಮೇಲೆಯೇ ಸಹಿ ಹಾಕಿದ್ದ. ಭಾವಮೈದುನ ಎರಡು ವರ್ಷ ಮಾತು ಬಿಟ್ಟಿದ್ದ. ಸರಿ ಉತ್ತರ ಎಂದು ತೆರೆ ಹಸಿರಾಯಿತು. ಆರ್ವಿಡ್ ಆ ಹಸಿರಿನಿಂದ ಕಣ್ಣು ತೆಗೆದು, ತಾನು ಕೇಳದ ಇಪ್ಪತ್ತೆಂಟು ಗಂಟೆಗೆ ತನ್ನ ಹೆಸರು ಹಾಕಿ ಎಂದು ಬರೆದಿಟ್ಟಿದ್ದ ಇಮೇಲನ್ನು ತೆರೆದ. ಅವನ ಕಿವಿ ಬಿಸಿಯಾಗಿತ್ತು.

“ಹೆಸರು ತಿದ್ದಿದ್ರೆ ಸಾಕು ಅಂತಾನೆ ಚೆಸ್ಟರ್,” ಎಂದ, ಹೆಂಡತಿಯ ಕಡೆ ನೋಡದೆ.

“ತಿದ್ದಿಸ್ಕೋ,” ಅಂದಳು ವೆರ್ನಾ. “ಆಮೇಲೆ ಅವರು ಏನಾದ್ರೂ ಪ್ರಶ್ನೆ ಕೇಳಿದ್ರೆ ಫೋನ್ ನನ್ನ ಕೈಗೆ ಕೊಡು.”

ಆರ್ವಿಡ್ ಆ ಇಮೇಲ್ ಅಳಿಸಿದ. ಬದಲಿಗೆ ಮಂಡಳಿಗೆ ಒಂದು ಉದ್ದನೆಯ ಪತ್ರ ಬರೆದ. ಸೌದೆ, ಗೊರಕೆ, ಹೆಣಿಗೆ ಕಡ್ಡಿ, ಸ್ಮಶಾನ, ಯಾವುದನ್ನೂ ಬಿಡಲಿಲ್ಲ. ಇಪ್ಪತ್ತಾರು ವರ್ಷದ ನಂಬರ್ ಹೋದರೂ ಹೋಗಲಿ ಎಂದು ಅಂಚೆಗೆ ಹಾಕಿ ಬಂದ; ಆದರೆ ಆಮೇಲಿನ ಒಂದು ವಾರ ಅವನಿಗೆ ಏಲಕ್ಕಿ ಬ್ರೆಡ್ಡೂ ರುಚಿಸಲಿಲ್ಲ. ಎಲ್ಲಾದರೂ ತನ್ನ ಬಿಲ್ಲೆ ಕಂಡರೆ ಗಾಡಿ ನಿಲ್ಲಿಸಿ ಹಿಮ ಒರೆಸಿ ನೋಡಿ ಬರುತ್ತಿದ್ದ.

ಮಿಸ್ ಇಂಗರ್ಸಾಲ್ ತಾವೇ ಫೋನ್ ಮಾಡಿದರು. ಪತ್ರವನ್ನು ಮಂಡಳಿಯ ಸಭೆಯಲ್ಲಿ ಗಟ್ಟಿಯಾಗಿ ಓದಲಾಯಿತು ಎಂದರು. ಅಲ್ಲಿಗೆ ಅವರ ದನಿ ಸ್ವಲ್ಪ ನಡುಗಿತು. ಕೋಪವೋ ನಗುವೋ ಆರ್ವಿಡ್‌ಗೆ ಗೊತ್ತಾಗಲಿಲ್ಲ. ನೀತಿಯ ಎರಡು ಗಂಟೆ ಒಪ್ಪಿದ್ದೇವೆ, ಉಳಿದ ಇಪ್ಪತ್ತೆಂಟನ್ನು ತೊಂಬತ್ತು ದಿನದಲ್ಲಿ ಹೊಸದಾಗಿ ಮುಗಿಸಬೇಕು, ಅಲ್ಲಿಯವರೆಗೆ ಲೈಸೆನ್ಸ್ ಕಿತ್ತುಕೊಳ್ಳುವುದಿಲ್ಲ. ಆದರೆ ಒಂದು ಷರತ್ತು. ಪ್ರತಿ ಗಂಟೆಗೂ ಒಬ್ಬ ಸಾಕ್ಷಿ ಪಕ್ಕದಲ್ಲಿ ಕೂತು ಹಾಳೆಗೆ ಸಹಿ ಹಾಕಬೇಕು.

“ಯಾರಾದ್ರೂ ಆಗ್ಬಹುದಾ ಮೇಡಂ?”

“ವಿಷಯ ಗೊತ್ತಿರೋರಾದ್ರೆ ಒಳ್ಳೇದು,” ಎಂದರು ಮಿಸ್ ಇಂಗರ್ಸಾಲ್. “ನಿಮ್ಮನೇಲೇ ಒಬ್ರಿದಾರಲ್ಲ.”

ಅದೇ ಮಧ್ಯಾಹ್ನ ಪಾಠ ಶುರುವಾಯಿತು. ಆರ್ವಿಡ್ ನಾಲ್ಕು ಲೋಟ ಕಾಫಿ ಕುಡಿದು, ಕಿಟಕಿ ತೆರೆದಿಟ್ಟು, ನಿಂತುಕೊಂಡೇ ಪಾಠ ಕೇಳಿದ. ಮೊದಲ ಸಲಕ್ಕೇ ಒಂದು ಗಂಟೆ ಪೂರ್ತಿ ಮುಗಿಯಿತು. ಪರೀಕ್ಷೆಯಲ್ಲಿ ಅಂಚಿಗೆ ಜೋತುಬಿದ್ದು ಪಾಸಾದ. ಗೆದ್ದ ಪೈಲ್ವಾನನಂತೆ ಬೆವರು ಒರೆಸಿಕೊಂಡು ಹಾಳೆಯನ್ನು ಹೆಂಡತಿಯ ಮುಂದೆ ಹಿಡಿದ.

ವೆರ್ನಾ ಸಹಿ ಹಾಕಿದಳು. ಅದರ ಕೆಳಗೆ ‘ಸಾಕ್ಷಿಯ ಅಭಿಪ್ರಾಯ’ ಎಂಬ ಖಾಲಿ ಜಾಗವಿತ್ತು. ಶಾಲೆಯಲ್ಲಿ ಯಾವ ನಮೂನೆಯಲ್ಲೂ ಜಾಗ ಖಾಲಿ ಬಿಟ್ಟು ಅಭ್ಯಾಸವಿಲ್ಲದವಳು ಸ್ವಲ್ಪ ಯೋಚಿಸಿ, ದುಂಡಾದ ಅಕ್ಷರದಲ್ಲಿ ಬರೆದಳು:

“ಎಚ್ಚರವಾಗಿದ್ದರು. ಅರ್ಥವಾಗಿದೆಯೋ ಇಲ್ಲವೋ, ನಾನು ಹೇಳಲಾರೆ.”