ಅಕ್ಕನ ಪರವಾಗಿ ಸುಮ್ಮನೆ ಕೂತಿದ್ದವನ ಬಿನ್ನಹ

ಮಾನ್ಯ ನ್ಯಾಯಾಧೀಶರೇ,

ತಾವು, ತಮ್ಮ ಪೀಠ ಮತ್ತು ತಮ್ಮ ತಲೆಯ ಮೇಲೆ ಕಿರುಗುಟ್ಟುವ ಫ್ಯಾನು ಎಲ್ಲವೂ ಕ್ಷೇಮವೆಂದು ನಂಬಿ, ತಮ್ಮ ಕೋರ್ಟಿನ ಕೊನೆಯ ಬೆಂಚಿನಲ್ಲಿ ವರ್ಷಗಟ್ಟಲೆ ತುಟಿ ಬಿಚ್ಚದೆ ಕೂತಿದ್ದ ನಾನು ಈ ಬಹಿರಂಗ ಪತ್ರವನ್ನು ಬಲು ವಿನಯದಿಂದ ಬರೆಯುತ್ತಿದ್ದೇನೆ. ನನ್ನ ಗುರುತು ತಮಗೆ ಹತ್ತಲಾರದು. ನಾನು ವಾದಿಯಲ್ಲ, ಪ್ರತಿವಾದಿಯಲ್ಲ, ಸಾಕ್ಷಿಯೂ ಅಲ್ಲ. ಅಣ್ಣತಮ್ಮಂದಿರಿಬ್ಬರ ಮನೆ ಪಾಲಿನ ದಾವೆಯೊಂದಕ್ಕೆ ಸಂಬಂಧವೇ ಇಲ್ಲದ ನನ್ನ ಅಕ್ಕನ ಪರವಾಗಿ ನೋಡಿಕೊಂಡು ಹೋಗಲು ಬಂದವನು.

ಅಕ್ಕ ದರ್ಜಿ. ಒಂದು ಹಳೆಯ ಮಹಡಿ ಮನೆಯ ಮೆಟ್ಟಿಲ ಕೆಳಗಿನ ಬಾಡಿಗೆ ಕೋಣೆಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡು, ಭಾವ ತೀರಿಕೊಂಡ ಮೇಲೆ ಅದೇ ಕೋಣೆಯಿಂದ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದವಳು. ಮನೆಯ ಯಜಮಾನರು ಕಣ್ಣು ಮುಚ್ಚಿದ್ದೇ ತಡ, ಅವರ ಮಕ್ಕಳಿಬ್ಬರು, ಬೀದಿಯವರ ಬಾಯಲ್ಲಿ ದೊಡ್ಡ ಧಣಿ ಮತ್ತು ಚಿಕ್ಕ ಧಣಿ, ಪಾಲು ಕೇಳಿಕೊಂಡು ತಮ್ಮ ಮುಂದೆ ಬಂದರು. ಅಕ್ಕನಿಗೆ ನೋಟೀಸು ಬರಲಿಲ್ಲ. "ನನ್ನನ್ನ ಯಾರೂ ಕರೆದಿಲ್ಲ ಕಣೋ, ಆದ್ರೆ ನನ್ನ ಹೊಟ್ಟೆಪಾಡು ಅಲ್ಲೇ ಇದೆ. ನೀನು ಹೇಗೂ ರಿಟೈರ್ ಆಗಿದೀಯ, ಹೋಗಿ ಕೂತ್ಕೊ. ಬಾಯಿ ಮಾತ್ರ ಬಿಡಬೇಡ," ಎಂದಳು. ಡ್ರಿಲ್ ಮಾಸ್ತರನಾಗಿ ಜೀವಮಾನವಿಡೀ ಕೂಗಿದವನಿಗೆ ಸುಮ್ಮನಿರುವುದನ್ನು ಕಲಿಸಿದ ಕೀರ್ತಿ ತಮ್ಮ ಕೋರ್ಟಿಗೇ ಸಲ್ಲಬೇಕು.

ಒಂದು ದಿನ ದೊಡ್ಡ ಧಣಿಯ ವಕೀಲರಿಗೆ ಹಲ್ಲುನೋವು, ಇನ್ನೊಂದು ದಿನ ಚಿಕ್ಕ ಧಣಿಯ ವಕೀಲರ ಭಾವಮೈದುನನಿಗೆ ಮದುವೆ, ಇಬ್ಬರೂ ಬಂದ ದಿನ ಕಡತಕ್ಕೇ ತಲೆಮರೆಸಿಕೊಳ್ಳುವ ಮನಸ್ಸು. ಪ್ರತಿ ಸಲವೂ ತಾವು ತೋರಿದ ತಾಳ್ಮೆಯ ಮುಂದೆ ಭೂಮಿತಾಯಿಯೂ ಸಿಡುಕಿಯೇ ಸರಿ. ಸಂಜೆ ಅಕ್ಕ ಹಲ್ಲಲ್ಲಿ ದಾರ ಕಚ್ಚಿಕೊಂಡೇ, "ಇವತ್ತೇನಾಯ್ತೋ?" ಅನ್ನುವಳು. "ಇನ್ನೊಂದು ತಾರೀಖಾಯ್ತು" ಅನ್ನುವೆ. ಮುಂದಿನ ತಿಂಗಳು ತಾನು ಅಲ್ಲಿರುತ್ತೇನೋ ಇಲ್ಲವೋ ತಿಳಿಯದೆ, ಬಟ್ಟೆ ತಂದ ಗಿರಾಕಿಗಳನ್ನು ಅವಳು ವಾಪಸು ಕಳಿಸತೊಡಗಿದಳು.

ಕಡೆಗೊಂದು ದಿನ ಅಣ್ಣತಮ್ಮಂದಿರು ವರಾಂಡದಲ್ಲೇ ರಾಜಿಯಾಗಿ ಒಳಗೆ ಬಂದರು. ಮೆಟ್ಟಿಲು ಇಬ್ಬರಿಗೂ, ಅದರ ಕೆಳಗಿನ ಕೋಣೆಗೆ ನಡುವೆ ಗೋಡೆ, ಆಚೆಯದು ಅಣ್ಣನಿಗೆ, ಈಚೆಯದು ತಮ್ಮನಿಗೆ. ತಾವು ಪೆನ್ನಿನ ಮುಚ್ಚಳ ತೆಗೆದಿರಿ. ನಾನು ಎದ್ದು ನಿಂತೆ.

"ಸ್ವಾಮಿ, ಅಲ್ಲಿ ನಮ್ಮಕ್ಕ ಇದ್ದಾಳೆ!"

"ಅವರು ಈ ಕೇಸಲ್ಲಿ ಇದ್ದಾರಾ?" ಎಂದು ತಾವು ಕೇಳಿದಿರಿ.

"ಕೇಸಲ್ಲಿಲ್ಲ ಸ್ವಾಮಿ, ಕೋಣೇಲಿದ್ದಾಳೆ."

ಕೋರ್ಟೆಲ್ಲ ನಕ್ಕಿತು, ತಾವೂ ನಕ್ಕಿರಿ. ಹೆಸರು ಕೂಗುವ ದಫೇದಾರರು ನನ್ನ ತೋಳು ಹಿಡಿದು, "ಬನ್ನಿ ಮೇಷ್ಟ್ರೇ, ಹೊರಗೆ ಗಾಳಿ ಚೆನ್ನಾಗಿದೆ," ಎಂದು ಬಾಗಿಲು ದಾಟಿಸಿದರು. ಅಷ್ಟರಲ್ಲಿ ತಮ್ಮ ಸಹಿ ಬಿದ್ದಿತ್ತು.

ಗಾರೆಯವನು ಇಟ್ಟಿಗೆ ಸಾಲು ಹಾಕುವಾಗ ಅಕ್ಕ ಮಿಷನ್ನನ್ನು ಅತ್ತ ಇಟ್ಟು ನೋಡಿದಳು, ಇತ್ತ ಇಟ್ಟು ನೋಡಿದಳು. ಎರಡೂ ಕಡೆ ಮಿಷನ್ನು ಹಿಡಿಯಿತು, ಅವಳು ಹಿಡಿಯಲಿಲ್ಲ. ಗಂಟುಮೂಟೆ ಕಟ್ಟುತ್ತಾ, "ಎದ್ದು ನಿಂತೆಯಂತೆ?" ಎಂದಳು. ಬೈಗುಳ ಬರುತ್ತದೆಂದು ನಾನು ತಲೆ ತಗ್ಗಿಸಿದೆ. "ಗಟ್ಟಿಯಾಗಿ ಹೇಳಿದೆಯೇನೋ?" "ಹೂಂ ಅಕ್ಕ, ಮೈದಾನದ ದನೀಲೇ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಷ್ಟಾದ್ರೂ ಆಯ್ತಲ್ಲ ಬಿಡು."

ಆದ್ದರಿಂದ ಅಷ್ಟು ಸಮನಾಗಿ ಪಾಲು ಮಾಡಬಲ್ಲ ತಮ್ಮಲ್ಲಿ ನನ್ನ ಪ್ರಾರ್ಥನೆಯಿಷ್ಟೇ: ಅಕ್ಕನನ್ನೂ ಸೊಂಟಕ್ಕೆ ಸರಿಯಾಗಿ ಕತ್ತರಿಸಿ, ಬಟ್ಟೆ ಹಿಡಿಯುವ ಕೈ ದೊಡ್ಡ ಧಣಿಗೆ, ಮಿಷನ್ನು ತುಳಿಯುವ ಕಾಲು ಚಿಕ್ಕ ಧಣಿಗೆ ಎಂದು ಆದೇಶಕ್ಕೊಂದು ಸಾಲು ಸೇರಿಸಬೇಕು. ಕಾನೂನಿಗೆ ಅದು ಒಗ್ಗದಿದ್ದರೆ, ಗಂಡ ಹೆಂಡಿರ ಜಗಳದಲ್ಲಿ ಬಡವಾಯಿತಲ್ಲ, ಆ ಗಾದೆಯ ಕೂಸಿಗಾಗಿ ತಮ್ಮ ಕೋರ್ಟಿನಲ್ಲಿ ಒಂದು ಕುರ್ಚಿಯನ್ನಾದರೂ ಕಾಯ್ದಿರಿಸಬೇಕು.

ಬಾಗಿಲ ಹೊರಗಿನ ಒಳ್ಳೆಯ ಗಾಳಿಯಲ್ಲಿ ನಿಂತೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ದರ್ಜಿಯ ತಮ್ಮ

ತಾ.ಕ.: ಅಕ್ಕ ಈಗ ತಮ್ಮ ಕೋರ್ಟಿನ ಎದುರಿಗೇ, ಜೆರಾಕ್ಸ್ ಅಂಗಡಿಯ ಪಕ್ಕ ಮಿಷನ್ನು ಹಾಕಿದ್ದಾಳೆ. ತಮ್ಮ ಕರಿಕೋಟಿನ ತೋಳಿನ ಹೊಲಿಗೆ ಬಿಚ್ಚಿದರೆ ಸಂಕೋಚವಿಲ್ಲದೆ ಕಳಿಸಿಕೊಡಿ. ಹೇಳಿದ ದಿನಕ್ಕೇ ಕೈಗೆ ಕೊಡುತ್ತಾಳೆ. ಮೊದಮೊದಲು ತಮಗೆ ಸ್ವಲ್ಪ ಗಾಬರಿಯಾಗಬಹುದು.