ತಾತನ ಮೆಡಲಿನ ಬೆನ್ನು

ಎಲ್ಲ ಶುರುವಾದದ್ದು ಒಂದು ಜೇಡರ ಬಲೆಯಿಂದ. ಬಲೆ ಇದ್ದದ್ದು ನಡುಮನೆಯ ಗೋಡೆಯ ಮೇಲೆ, ಹೆಂಡತಿಯ ತಾತನ ಮೆಡಲಿನ ಚೌಕಟ್ಟಿನ ಸಂದಿಯಲ್ಲಿ. ಅದನ್ನು ತೆಗೆಯಬೇಕೆಂದು ಬೆಳಗ್ಗೆಯೇ ಯಜಮಾನರಿಗೆ ಅಪ್ಪಣೆಯಾಯಿತು. ಯಜಮಾನರು ಅಂದರೆ ಯಾರೋ ದೊಡ್ಡ ಮನುಷ್ಯರು ಅಂದುಕೊಳ್ಳಬೇಡಿ. ವಿಮಾ ಕಚೇರಿಯ ಗುಮಾಸ್ತರು, ಯಜಮಾನಿಕೆ ಏನಿದ್ದರೂ ಕರೆಂಟ್ ಬಿಲ್ಲಿನ ಮೇಲೆ ಮಾತ್ರ. ಸ್ಟೂಲು ಹತ್ತಿ ಪೊರಕೆ ಆಡಿಸಿದ್ದೇ ತಡ, ಬಲೆ ಇದ್ದಲ್ಲೇ ಇತ್ತು, ಚೌಕಟ್ಟು ಮಾತ್ರ ಮೊಳೆ ಬಿಟ್ಟು ನೆಲಕ್ಕೆ ಬಂದು ಗಾಜು ಪುಡಿಪುಡಿಯಾಯಿತು.

ಆ ಮೆಡಲಿನ ವಿಷಯ ಸ್ವಲ್ಪ ಹೇಳಬೇಕು. ರೆಕ್ಕೆಯ ಹೆಂಗಸೊಬ್ಬಳು ಎಲೆಗಳ ಹಾರ ಹಿಡಿದು ನಿಂತಿರುವ ಕಂಚಿನ ಬಿಲ್ಲೆ ಅದು. ಹೆಂಡತಿಯ ತಾತ ದೊಡ್ಡ ಯುದ್ಧಕ್ಕೆ ಹೋಗಿ, ಬರುವಾಗ ತಂದದ್ದು. ಮದುವೆಯಾದ ಲಾಗಾಯ್ತು ಯಜಮಾನರನ್ನು ಆ ಬಿಲ್ಲೆಯ ಪಕ್ಕ ನಿಲ್ಲಿಸಿಯೇ ಅಳೆಯಲಾಗುತ್ತಿತ್ತು. ಗ್ಯಾಸ್ ಸಿಲಿಂಡರ್ ಎತ್ತಿ ಸೊಂಟ ಹಿಡಿದುಕೊಂಡರೆ, "ನಮ್ಮ ತಾತ ಗುಂಡಿಗೆ ಎದೆಯೊಡ್ಡಿದವರು" ಎನ್ನುವಳು ಹೆಂಡತಿ. ಬಡ್ತಿ ತಪ್ಪಿದರೆ, "ನಮ್ಮ ತಾತ ಸುಮ್ಮನೆ ಬಿಡುತ್ತಿರಲಿಲ್ಲ." ಯಜಮಾನರು ತಿರುಗಿ ಮಾತಾಡಿದ ದಿನ ಕೊನೆಯ ಏಟು ಬೀಳುತ್ತಿತ್ತು: "ನಿಮ್ಮ ತಾತನೂ ಹೋಗಿದ್ದರಲ್ಲ ಯುದ್ಧಕ್ಕೆ. ಕೈ ಬೀಸಿಕೊಂಡು ಬಂದರು." ಆ ಮೆಡಲು ಗೋಡೆಯ ಮೇಲಿರುವ ತನಕ ಈ ಮನೆಯಲ್ಲಿ ತನಗೆ ಮರ್ಯಾದೆ ಹುಟ್ಟುವುದಿಲ್ಲ ಎಂದು ಯಜಮಾನರಿಗೆ ಖಾತ್ರಿಯಾಗಿತ್ತು.

ಸಾಲದ್ದಕ್ಕೆ ಅವತ್ತೇ ಸಂಜೆ ಅಪಾರ್ಟ್‌ಮೆಂಟ್ ಸಂಘದ ಸಭೆ. ನೀರಿನ ಪಂಪಿನ ಪಕ್ಕದ ಕೋಣೆಗೆ ಬಣ್ಣ ಬಳಿದು, ಸಭಾಂಗಣವೆಂದು ಕರೆದು, ಹೆಂಡತಿಯ ತಾತನ ಹೆಸರಿಡುವುದೆಂದು ಸಂಘದ ಸೆಕ್ರೆಟರಿ ನಿಶ್ಚಯಿಸಿದ್ದರು. ಬೋರ್ಡೂ ಬರೆಸಿಯಾಗಿತ್ತು. ಹೆಂಡತಿ ಮೆಡಲನ್ನು ಎತ್ತಿ ತೋರಿಸಿ ಭಾಷಣ ಮಾಡುವುದಿತ್ತು. ಒಂದು ವಾರದಿಂದ ಆ ಭಾಷಣವನ್ನು ಕೇಳಿ ಕೇಳಿ ಮನೆಯ ಮಿಕ್ಸಿಗೂ ಅದು ಬಾಯಿಪಾಠವಾಗಿತ್ತು.

ಗಾಜು ಒಡೆದ ಸದ್ದಿಗೆ ಸೋಫಾದ ಮೇಲೆ ಕೂತಿದ್ದ ಅತ್ತೆ, ಅಂದರೆ ಆ ತಾತನ ಸ್ವಂತ ಮಗಳು, ಕನ್ನಡಕದ ಮೇಲಿಂದ ನೋಡಿ, "ಬಿತ್ತಾ? ಬೀಳಲಿ ಬಿಡಿ" ಎಂದು ಪೇಪರಿಗೆ ವಾಪಸಾದರು. ಯಜಮಾನರು ಬಗ್ಗಿ ಮೆಡಲನ್ನು ಎತ್ತಿಕೊಂಡರು. ಅದರ ಬೆನ್ನಿಗೆ ಗೋಂದು ಹಾಕಿ ಮಖಮಲ್ಲಿನ ಬಟ್ಟೆ ಅಂಟಿಸಿದ್ದರು. ಬಿದ್ದ ರಭಸಕ್ಕೆ ಬಟ್ಟೆಯ ಒಂದು ಮೂಲೆ ಕಿತ್ತು ಬಂದು, ಒಳಗೆ ಇಂಗ್ಲಿಷಿನಲ್ಲಿ ಏನೋ ಕೆತ್ತಿದ್ದು ಕಾಣಿಸಿತು. ಉಗುರಿನಿಂದ ಕೆರೆದಾಗ 'ರೇಸ್' ಎಂಬ ಪದ ಹೊರಬಂತು. ಯಜಮಾನರ ಕಿವಿ ನೆಟ್ಟಗಾಯಿತು. ಯುದ್ಧದಲ್ಲಿ ರೇಸ್ ಯಾಕಪ್ಪ ಬರುತ್ತದೆ?

ಹೆಂಡತಿ ಓಡಿ ಬಂದು ಕೂಗಾಡುವ ಮೊದಲೇ, ಹೊಸ ಗಾಜು ಹಾಕಿಸಿ, ಮೆಡಲಿಗೆ ಹೊಳಪು ಕೊಡಿಸಿ, ಸಂಜೆ ನೇರವಾಗಿ ಸಭೆಗೇ ತರುತ್ತೇನೆಂದು ಮಾತು ಕೊಟ್ಟು ಚಪ್ಪಲಿ ಮೆಟ್ಟಿದರು. ಹೇಳಿಸಿಕೊಳ್ಳದೆ ಗಂಡ ಒಂದು ಕೆಲಸ ಮಾಡುತ್ತಿರುವುದು ಇದೇ ಮೊದಲೆಂದು ಆಕೆ ಅನುಮಾನಪಟ್ಟಳೇ ಹೊರತು ತಡೆಯಲಿಲ್ಲ.

ಯಜಮಾನರು ಹೋದದ್ದು ಗಾಜಿನ ಅಂಗಡಿಗಲ್ಲ, ಕೆಳಮನೆಯ ಪ್ರೊಫೆಸರ ಹತ್ತಿರ. ಇತಿಹಾಸ ಪಾಠ ಮಾಡಿ ನಿವೃತ್ತರಾದ ಮೇಲೆ ಅವರ ಮಾತಿಗೆ ಕಿವಿ ಕೊಡುವವರೇ ಇರಲಿಲ್ಲ. ಪೇಪರಿನವನು ಕೂಡ ಪೇಪರ್ ಎಸೆದು ಓಡುತ್ತಿದ್ದ. ಪ್ರೊಫೆಸರು ಮೆಡಲನ್ನು ಭೂತಕನ್ನಡಿಯ ಕೆಳಗಿಟ್ಟು, ಬಟ್ಟೆಯನ್ನು ಚಿಮುಟದಿಂದ ಬಿಡಿಸುತ್ತ ಬಹಳ ಹೊತ್ತು ಹ್ಞೂಂಗುಟ್ಟಿದರು.

"ಇದು ಶೌರ್ಯಕ್ಕೆ ಕೊಟ್ಟಿದ್ದಲ್ಲ ಕಣ್ರೀ. ಆಟಕ್ಕೆ ಕೊಟ್ಟಿದ್ದು" ಎಂದರು ಕೊನೆಗೆ.

ಆಮೇಲೆ ಪಾಠ ಶುರುವಾಯಿತು. ಯುದ್ಧಕಾಲದ ಕ್ಯಾಂಪುಗಳಲ್ಲಿ ಸಿಪಾಯಿಗಳು ಅಪ್ಪಣೆಗೆ ಕಾಯುತ್ತ ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿರುತ್ತಿದ್ದರಂತೆ. ಶತ್ರುವಿಗಿಂತ ಮೊದಲು ಅವರವರೇ ಹೊಡೆದಾಡಿಕೊಂಡು ಸಾಯಬಾರದೆಂದು ಅಧಿಕಾರಿಗಳು ಆಟೋಟ ಏರ್ಪಡಿಸುತ್ತಿದ್ದರಂತೆ. ಬಾಕ್ಸಿಂಗು, ಹಗ್ಗಜಗ್ಗಾಟ, ಹೇಸರಗತ್ತೆ ಸವಾರಿ, ಆಲೂಗಡ್ಡೆ ಆರಿಸುವ ಓಟ, ಎಲ್ಲಕ್ಕೂ ಇದೇ ರೆಕ್ಕೆಯ ಹೆಂಗಸು. ಒಂದೇ ಅಚ್ಚಿನಲ್ಲಿ ನೂರಾರು ಎರಕ ಹೊಯ್ದು ತರಿಸಿ, ಯಾವ ಆಟ, ಯಾರು ಗೆದ್ದರು ಎಂಬುದನ್ನು ಮಾತ್ರ ಹಿಂದೆ ಕೆತ್ತಿಸುತ್ತಿದ್ದರಂತೆ. ಮುಂದಿನಿಂದ ನೋಡಿದರೆ ಎಲ್ಲರೂ ವೀರರೇ. ಪ್ರೊಫೆಸರು ಮೆಡಲನ್ನು ತಿರುಗಿಸಿ ಹಿಡಿದು ನಿಧಾನವಾಗಿ ಓದಿದರು.

"ಸ್ಲೋ ಸೈಕಲ್ ರೇಸ್. ಫಸ್ಟ್ ಪ್ರೈಜ್."

ಕಾಲು ನೆಲಕ್ಕೆ ತಾಗಿಸದೆ ಎಲ್ಲರಿಗಿಂತ ಕೊನೆಗೆ ಬಂದವನು ಗೆಲ್ಲುವ ಆಟ! ಗುಂಡಿಗೆ ಎದೆಯೊಡ್ಡಿದ ತಾತ ಸೈಕಲ್ ಮೇಲೆ ತೂಕಡಿಸಿದ್ದಕ್ಕೆ ಬಂದ ಮೆಡಲು! ಯಜಮಾನರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಇಷ್ಟು ವರ್ಷ ಹೊಟ್ಟೆಯಲ್ಲಿ ಉರಿಯುತ್ತಿದ್ದದ್ದು ಆವತ್ತು ತಣ್ಣಗಾಯಿತು.

ಕೆಳಗಿನ ಸಾಲು ಮಾತ್ರ ಗೋಂದಿನಡಿ ಮುಚ್ಚಿಹೋಗಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿಟ್ಟರೆ ಸಂಜೆಗೆ ಬಿಟ್ಟೀತು, ಹೆಸರು ಓದದೆ ಸಂಶೋಧನೆ ಮುಗಿಯುವುದಿಲ್ಲ ಎಂದರು ಪ್ರೊಫೆಸರು.

"ಹೆಸರು ಯಾರದ್ದು ಅಂತ ಊರಿಗೇ ಗೊತ್ತು ಸಾರ್. ಓದಲೇಬೇಕು ಅಂದ್ರೆ ಸಂಜೆ ಸಭೇಲಿ ಓದಿ. ಮೈಕಲ್ಲಿ ಓದಿ" ಎಂದು ಯಜಮಾನರು ಕೈ ಮುಗಿದರು. ಮೈಕು ಎಂದದ್ದೇ ಪ್ರೊಫೆಸರ ಮುಖ ಅರಳಿತು.

ಅಷ್ಟಕ್ಕೆ ಸುಮ್ಮನಿದ್ದರೆ ಅವರು ಯಜಮಾನರೇ ಅಲ್ಲ. ಲಿಫ್ಟಿನಲ್ಲಿ ಮೇಜರ್ ಸಿಕ್ಕರು. ಮೇಜರ್ ಎಂಬುದು ಅವರ ಮೀಸೆಗೆ ಕಟ್ಟಡದವರು ಕೊಟ್ಟ ಪದವಿ. ಮಾಡುತ್ತಿದ್ದದ್ದು ವಾಟರ್ ಫಿಲ್ಟರ್ ವ್ಯಾಪಾರ. ಯಾರಿಗೂ ಹೇಳಬೇಡಿ ಎಂದು ಆಣೆ ಹಾಕಿಸಿ ಯಜಮಾನರು ಎಲ್ಲ ಹೇಳಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಹೆಂಡತಿಯೊಬ್ಬಳನ್ನು ಬಿಟ್ಟು ಇಡೀ ಕಟ್ಟಡಕ್ಕೆ ಗೊತ್ತಾಗಿತ್ತು. ಮೆಟ್ಟಿಲಲ್ಲಿ ಸಿಕ್ಕವರೆಲ್ಲ ಒಂದೊಂದು ತಮಾಷೆ ಸೇರಿಸಿದರು. ಶತ್ರುಗಳು ತಾತನಿಗೆ ಕಾದು ಕಾದು ಬೇಜಾರಾಗಿ ಮನೆಗೆ ಹೋದರಂತೆ ಎಂದು ಯಜಮಾನರೇ ಒಂದು ಕಟ್ಟಿದರು. ಅದಕ್ಕೆ ಬಂದ ನಗು ಕಂಡು ಇನ್ನೂ ನಾಲ್ಕು ಕಟ್ಟಿದರು.

ಸೆಕ್ರೆಟರಿಗೆ ಮಾತ್ರ ತಲೆ ಚಿಟ್ಟು ಹಿಡಿಯಿತು. ಬೋರ್ಡು ಬರೆಸಿ ಆಗಿದೆ, ಈಗ ಇದೆಲ್ಲ ಯಾಕೆ, ಗುಟ್ಟಾಗಿರಲಿ ಎಂದು ಗೋಗರೆದರು. ಇತಿಹಾಸಕ್ಕೆ ದ್ರೋಹ ಬಗೆಯುವುದು ತನ್ನಿಂದಾಗದು ಎಂದರು ಯಜಮಾನರು. ಹಿಂದಿನ ದಿನದವರೆಗೆ ಅವರಿಗೂ ಇತಿಹಾಸಕ್ಕೂ ಮುಖಪರಿಚಯವೇ ಇರಲಿಲ್ಲ. ಅಷ್ಟೇ ಅಲ್ಲ, ವಾಚ್‌ಮನ್ನನ ಹಳೆಯ ಸೈಕಲ್ ಕೇಳಿ ತಂದು, ಒರೆಸಿ, ಹೂವಿನ ಹಾರ ಹಾಕಿ, ವೇದಿಕೆಯ ಹಿಂದೆ ಬಟ್ಟೆ ಮುಚ್ಚಿ ನಿಲ್ಲಿಸಿದರು. ಮೆಡಲಿನ ಸತ್ಯ ಹೊರಬಿದ್ದ ಕೂಡಲೇ ಬಟ್ಟೆ ಸರಿಸಿ, ವೀರನ ವಂಶದವರು ಹತ್ತಿ ತೋರಿಸಬೇಕೆಂದು ಮೇಜರ್ ಎದ್ದು ಕೇಳುವುದು. ಆಗ ಹೆಂಡತಿಯ ಮುಖ ನೋಡಬೇಕು. ಆಮೇಲೆ ಗೋಡೆಯ ಮೇಲೆ ಮೊಳೆಯೂ ಉಳಿಯುವುದಿಲ್ಲ.

ಸಂಜೆ ಪಾರ್ಕಿಂಗ್ ಜಾಗದಲ್ಲಿ ಕುರ್ಚಿ ಸಾಲದಷ್ಟು ಜನ. ಸಂಘದ ಸಭೆಗೆ ಅಷ್ಟು ಜನ ಬಂದದ್ದು ಅದೇ ಮೊದಲು. ಹೆಂಡತಿ ಒಳ್ಳೆಯ ಸೀರೆ ಉಟ್ಟು, ಮುಂದಿನ ಸಾಲಿನಲ್ಲಿ ಅತ್ತೆಯ ಪಕ್ಕ ಕೂತಿದ್ದಳು. ಪ್ರೊಫೆಸರು ಮೈಕ್ ಹಿಡಿದು, ಚಕ್ರ ಕಂಡುಹಿಡಿದ ಕಾಲದಿಂದ ಶುರುಮಾಡಿ, ಅರ್ಧ ಸಭೆ ತೂಕಡಿಸುವ ಹೊತ್ತಿಗೆ ಮೆಡಲಿಗೆ ಬಂದರು. ನಿಧಾನ ಸೈಕಲ್ ಎಂಬ ಮಾತು ಬಿದ್ದದ್ದೇ ನಗೆಯ ಕಟ್ಟೆಯೊಡೆಯಿತು. ಹೆಂಡತಿಯ ಮುಖ ಸುಣ್ಣದ ಹಾಗಾಯಿತು, ಭಾಷಣದ ಹಾಳೆ ಅಂಗೈಯಲ್ಲೇ ಮುದ್ದೆಯಾಯಿತು. ಯಜಮಾನರಿಗೆ ಒಂದು ಗಳಿಗೆ ಪಾಪ ಅನ್ನಿಸಿತು. ಆದರೆ ಖುಷಿ ಅದಕ್ಕಿಂತ ದೊಡ್ಡದಿತ್ತು.

"ಹೆಸರು ಓದಿ ಸಾರ್, ಹೆಸರು" ಎಂದು ಅವರೇ ಎದ್ದು ನಿಂತು ಕೂಗಿದರು.

ಪ್ರೊಫೆಸರು ನೆನೆದ ಗೋಂದನ್ನು ಒರೆಸಿ ತೆಗೆದು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಸಭೆ ಮೆಡಲನ್ನು ಬಿಟ್ಟು ಯಜಮಾನರ ಕಡೆ ತಿರುಗಿತು. ಯಾಕೆಂದರೆ ಅದು ಅವರದೇ ಹೆಸರು.

"ನೀವು ಆಗಿನ್ನೂ ಹುಟ್ಟಿರಲಿಲ್ವಲ್ರೀ?" ಎಂದರು ಸೆಕ್ರೆಟರಿ.

ಯಜಮಾನರಿಗೆ ಇಟ್ಟದ್ದು ಅವರ ತಾತನ ಹೆಸರು. ಆಗ ಅತ್ತೆ ಕುರ್ಚಿಯಿಂದ ಏಳದೆಯೇ ಬಾಯಿ ತೆರೆದರು.

"ಅದು ನಿಮ್ಮ ತಾತಂದೇ ಅಳಿಯಂದ್ರೇ. ಅವರೂ ನಮ್ಮಪ್ಪನೂ ಒಂದೇ ಕ್ಯಾಂಪು. ಹೊರಡೋ ದಿನ ನಿಮ್ಮ ತಾತ ಎದ್ದಿದ್ದೇ ತಡವಾಗಿ, ಗಡಿಬಿಡೀಲಿ ದಿಂಬಿನ ಕೆಳಗೇ ಬಿಟ್ಟು ಓಡಿದ್ರಂತೆ. ಕೊಟ್ಟರಾಯ್ತು ಅಂತ ನಮ್ಮಪ್ಪ ತಂದಿಟ್ಕೊಂಡ್ರು. ನೋಡಿದೋರು ಶೌರ್ಯದ್ದು ಅಂದ್ರು, ನಮ್ಮಪ್ಪ ಇಲ್ಲ ಅನ್ನಲಿಲ್ಲ. ಆಮೇಲೆ ವಾಪಸ್ ಕೊಡೋಕೆ ಮನಸ್ಸೇ ಬರಲಿಲ್ಲ."

"ಮತ್ತೆ?"

"ಮತ್ತೇನು, ಋಣ ಇಟ್ಕೋಬಾರದು ಅಂತ ಮೆಡಲಿನ ಬದಲು ಮೊಮ್ಮಗಳನ್ನ ನಿಮ್ಮನೆಗೆ ಕೊಡಿಸಿದ್ರು."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅತ್ತೆ?" ಯಜಮಾನರ ದನಿ ಬಾವಿಯೊಳಗಿಂದ ಬಂತು.

"ನೀವು ಒಂದು ದಿನನಾದ್ರೂ ಕೇಳಿದ್ರಾ?"

ಅಷ್ಟರಲ್ಲಿ ಹೆಂಡತಿಗೆ ಜೀವ ಬಂದಿತ್ತು. ಮುದ್ದೆಯಾದ ಹಾಳೆಯನ್ನು ಬಿಸಾಕಿ, ಪ್ರೊಫೆಸರ ಕೈಯಿಂದ ಮೈಕು ಕಿತ್ತುಕೊಂಡು, ತನ್ನದಲ್ಲದ ವಸ್ತುವನ್ನು ಜೀವಮಾನವಿಡೀ ಜೋಪಾನ ಮಾಡಿದವರು ಯಾರು, ತನ್ನದನ್ನೇ ದಿಂಬಿನಡಿ ಮರೆತು ಬಂದವರು ಯಾರು ಎಂದು ಸಭೆಯನ್ನೇ ಕೇಳಿದಳು. ಚಪ್ಪಾಳೆ ಬಿತ್ತು. ಬರೆಸಿದ ಬೋರ್ಡು ದಂಡವಾಗಲಿಲ್ಲವೆಂದು ಎಲ್ಲರಿಗಿಂತ ಜೋರಾಗಿ ತಟ್ಟಿದವರು ಸೆಕ್ರೆಟರಿ. ಸಭಾಂಗಣಕ್ಕೆ ಹೆಂಡತಿಯ ತಾತನ ಹೆಸರೇ ಉಳಿಯಿತು. ಬಟ್ಟೆ ಸರಿಸಿ ಸೈಕಲ್ ಹೊರತಂದ ಮೇಜರ್, ವೀರನ ವಂಶದವರು ಹತ್ತಬೇಕೆಂದು ಕೇಳುವುದನ್ನು ಮರೆಯಲಿಲ್ಲ. ನಾಲ್ಕು ಜನ ಎತ್ತಿ ಕೂರಿಸಿದರು. ಯಜಮಾನರು ಪೆಡಲ್ ಒತ್ತುವ ಮೊದಲೇ ಹೂವಿನ ಹಾರದ ಸಮೇತ ನೆಲ ಕಂಡರು.

ಮನೆಗೆ ಬಂದಾಗ ಯಜಮಾನರ ಮೊಣಕಾಲು ಬಾತಿತ್ತು. ಹೆಂಡತಿ ತಾನೇ ಸ್ಟೂಲು ಹತ್ತಿ, ಮೆಡಲನ್ನು ಗಾಜಿಲ್ಲದ ಚೌಕಟ್ಟಿನಲ್ಲೇ ಮತ್ತೆ ಮೊಳೆಗೆ ನೇತುಹಾಕಿದಳು. ಈ ಸಲ ಬೆನ್ನು ಹೊರಗೆ, ಅಕ್ಷರ ಎಲ್ಲರಿಗೂ ಕಾಣುವ ಹಾಗೆ. ಕೆಳಗಿಳಿದು ಕೈ ಒರೆಸಿಕೊಂಡು, ಮದುವೆಯಾದ ಮೇಲೆ ಎಂದೂ ಇಲ್ಲದ ಮಮತೆಯಿಂದ ಗಂಡನ ಮೊಣಕಾಲಿಗೆ ಮುಲಾಮು ಸವರಿದಳು.

"ನೀವು ನಮ್ಮ ತಾತನ ಹಾಗಿಲ್ವಲ್ಲ ಅಂತ ಇಷ್ಟು ದಿನ ನಂಗೆ ತುಂಬಾ ಬೇಜಾರಿತ್ತು ರೀ" ಎಂದಳು. "ಇನ್ಮೇಲೆ ಇಲ್ಲ. ನೀವು ಥೇಟ್ ನಿಮ್ಮ ತಾತನ ಹಾಗೇ ಇದ್ದೀರಿ."