ಕೇಳಬಹುದು, ಹಾಡುವಂತಿಲ್ಲ: ಉಚಿತ ಹಾಡು ಹಂಚುವ ಧಣಿಗಳಿಗೆ

ಊರು, ಮುಖ, ಹೆಸರು ಮೂರನ್ನೂ ಗುಟ್ಟಾಗಿ ಇಟ್ಟುಕೊಂಡಿರುವ ಮಾನ್ಯರೇ,

ಹುಮನಾಬಾದಿನ ದಿವಂಗತ ಸಾಮುವೇಲಪ್ಪನವರ ಪತ್ನಿ ಎಸ್ತೇರಮ್ಮ ಮಾಡುವ ವಂದನೆಗಳು. ನಾನು ಹೈಸ್ಕೂಲಿನವರೆಗೆ ಓದಿದವಳು, ಮೂವರು ಗಂಡುಮಕ್ಕಳ ಸಂಸಾರವನ್ನು ಒಂದೇ ಒಲೆಯ ಮೇಲೆ ನಡೆಸುತ್ತಿರುವವಳು, ನಮ್ಮ ಸಭೆಯ ಹಾಡುವ ಗುಂಪಿಗೆ ಮೂವತ್ತೊಂದು ವರ್ಷಗಳಿಂದ ಹಿರಿಯಳು. ಭಾನುವಾರ ಯಾವ ಹಾಡು, ಯಾವ ಧಾಟಿ, ಮೊದಲ ಸಾಲು ಯಾರು ಎತ್ತಬೇಕು ಎಂಬುದನ್ನು ನಾನು ಹೇಳುತ್ತೇನೆ. ಪಾದ್ರಿಗಳು ಬದಲಾಗುತ್ತಾರೆ, ನಾನು ಬದಲಾಗಿಲ್ಲ. ಇದನ್ನು ಜಂಬಕ್ಕೆ ಬರೆಯುತ್ತಿಲ್ಲ. ತಮ್ಮ ಕಚೇರಿಯಿಂದ ವಾರಕ್ಕೆ ಮೂರು ಸಲ ಬರುವ ಪತ್ರಗಳಲ್ಲಿ ನನ್ನನ್ನು 'ಹಲೋ ಎಸ್ತೇರ್' ಎಂದು ಕರೆಯುತ್ತಿರುವುದರಿಂದ ತಿಳಿಸಬೇಕಾಯಿತು. ನನ್ನ ಗಂಡನೂ ನನ್ನನ್ನು ಹಾಗೆ ಕರೆದವರಲ್ಲ.

ತಮ್ಮ ಜಾಲತಾಣದ ನೆತ್ತಿಯ ಮೇಲೆ 'ಕ್ರೈಸ್ತ ರಾಕ್ ತಂಡಗಳ ಹಾಡುಗಳು, ಪೂರ್ತಿ ಉಚಿತ, ಪೂರ್ತಿ ಕಾನೂನುಬದ್ಧ' ಎಂದು ಬರೆದಿದೆ. ಅಂಥದ್ದೊಂದು ಮಹಾದಾನ ಭೂಮಿಯ ಮೇಲೆ ನಡೆಯುತ್ತಿರುವುದು ನಮಗೆ ತಿಳಿದದ್ದು ಕಷ್ಟಕಾಲದಲ್ಲಿ. ನಮ್ಮ ಗುಂಪಿನ ಎಳೆಯರು ನಾಲ್ವರು, ಅವರಲ್ಲಿ ನನ್ನ ಮೊಮ್ಮಗಳು ಅನುರಾಧಾ ಒಬ್ಬಳು, ಯುವಜನರ ಭಾನುವಾರದಂದು ಗಿಟಾರು ಡ್ರಮ್ಮುಗಳೊಂದಿಗೆ ಹಾಡಲು ಅಪ್ಪಣೆ ಕೇಳಿದರು. ಕೇಳಿದರು ಎನ್ನುವುದಕ್ಕಿಂತ ಹೆದರಿಸಿದರು ಎನ್ನಬೇಕು: ಇಲ್ಲಿ ಬಿಡದಿದ್ದರೆ ಬಸವಕಲ್ಯಾಣದಲ್ಲಿ ಹೊಸದಾಗಿ ಶುರುವಾಗಿರುವ ಪ್ರಾರ್ಥನಾ ಮಂದಿರಕ್ಕೆ ಹೋಗುತ್ತೇವೆ, ಅಲ್ಲಿ ಗಿಟಾರಿಗೆ ಯಾರೂ ಬೇಡವೆನ್ನುವುದಿಲ್ಲ ಎಂದರು. ಆ ನಾಲ್ವರು ಹೋದರೆ ಉಳಿಯುವ ಗುಂಪಿನಲ್ಲಿ ಅರವತ್ತೆಂಟು ತುಂಬಿದ ನಾನೇ ಎಲ್ಲರಿಗಿಂತ ಚಿಕ್ಕವಳು.

ಅವರ ಫೋನುಗಳಲ್ಲಿ ಹಾಡುಗಳೇನೋ ಇದ್ದವು. ಯಾರ ಅಪ್ಪಣೆಯಿಂದ ಬಂದವು ಎಂದು ಕೇಳಿದರೆ ನಾಲ್ವರೂ ಗೋಡೆ ನೋಡಿದರು. 'ಕದಿಯಬಾರದು' ಎಂದವನನ್ನು ಕದ್ದ ಹಾಡಿನಿಂದ ಸ್ತುತಿಸುವುದು ನಾನಿರುವಾಗ ಆಗದು, ಆದರೆ ಒಡೆಯರೇ ಮನಸಾರೆ ಕೊಟ್ಟ ಹಾಡು ತಂದರೆ ಗಿಟಾರಲ್ಲ, ನಗಾರಿಯನ್ನೇ ತನ್ನಿ ಎಂದು ಸಭೆಯ ಮುಂದೆ ಮಾತು ಕೊಟ್ಟೆ. ಅನುರಾಧಾ ಹದಿನೈದು ದಿನ ಹುಡುಕಿ ತಮ್ಮನ್ನು ಕಂಡುಹಿಡಿದಳು.

ಮೊದಲು ತಮ್ಮ ತಂಡಗಳ ಚಿತ್ರಗಳನ್ನು ನೋಡಿ ಧನ್ಯಳಾದೆ. ಪ್ರತಿಯೊಂದರಲ್ಲೂ ಐದು ಜನ ಬರಡು ಹೊಲದಲ್ಲಿ ನಿಂತು ಐದು ದಿಕ್ಕು ನೋಡುತ್ತಿದ್ದಾರೆ, ಒಬ್ಬನಾದರೂ ತಲೆ ಬಾಚಿಲ್ಲ. ಹಾಡಿನಲ್ಲಿ ಮೂರು ನಿಮಿಷ ಒಬ್ಬರು ಚಕ್ಕಡಿಯ ಗಾಲಿಗೆ ಕಾಲು ಸಿಕ್ಕವರಂತೆ ಕೂಗಿದ ಮೇಲೆ ದೇವರ ಹೆಸರು ಒಂದು ಸಲ ಬಂತು. ಅದೇ ಪುಟದಲ್ಲಿ ತಂಡದ ಹೆಸರು ಹನ್ನೊಂದು ಸಲ ಇತ್ತು. ಆದರೂ ಆರನೆಯದೋ ಏಳನೆಯದೋ ಹಾಡಿಗೆ ಒಂದು ಧಾಟಿ ಇತ್ತು, ನಾನೂ ಕೇಳಿದೆ, ಇದು ಆಗಬಹುದು ಎಂದೆ. ಅನುರಾಧಾ ಅಂದು ನಾನು ಕೇಳದೆಯೇ ಚಹಾ ಮಾಡಿಕೊಟ್ಟಳು.

ಅದನ್ನು ಫೋನಿಗೆ ಇಳಿಸಿಕೊಳ್ಳಲು ಹೋದಾಗ ತಮ್ಮ ಸಣ್ಣ ಚೌಕ ಎದುರಾಯಿತು. 'ಷರತ್ತುಗಳನ್ನು ಓದಿದ್ದೇನೆ, ಒಪ್ಪಿದ್ದೇನೆ' ಎಂದು ಗುರುತು ಹಾಕಬೇಕಂತೆ. "ಅದು ಯಾರೂ ಓದಂಗಿಲ್ಲ ಆಯಿ, ಒತ್ತಿ ಮುಂದ ಹೋಗ್ತಾರ" ಎಂದಳು ಹುಡುಗಿ. ಓದದೆ ಓದಿದ್ದೇನೆ ಎಂದರೆ ಸುಳ್ಳಾಯಿತು, ಸುಳ್ಳು ಹೇಳಿ ತಂದದ್ದು ಕಾನೂನುಬದ್ಧ ಹೇಗಾಯಿತು? ಮೂರು ಸಾಯಂಕಾಲ ಕೂತೆವು; ಅವಳು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಿದಳು, ನಾನು ಕೇಳಿದೆ. ನಲವತ್ತೊಂದು ಷರತ್ತು. ಮೋಶೆಯ ಮೂಲಕ ಇಡೀ ಜನಾಂಗಕ್ಕೆ ದೇವರು ಕೊಟ್ಟದ್ದು ಹತ್ತು.

ಹಾಡನ್ನು ನಾನೊಬ್ಬಳೇ, ನನ್ನ ಸ್ವಂತಕ್ಕೆ, ನನ್ನ ಮನೆಯಲ್ಲಿ ಕೇಳಬಹುದು. ಸಭೆಯಲ್ಲಿ ಹಾಡುವಂತಿಲ್ಲ. ಕನ್ನಡಕ್ಕೆ ತಿರುಗಿಸುವಂತಿಲ್ಲ. ಪದ ಬರೆದುಕೊಳ್ಳುವಂತಿಲ್ಲ. ಇನ್ನೊಬ್ಬರಿಗೆ ಕೇಳಿಸುವಂತಿಲ್ಲ. ಎಮ್ಮೆ ದಾನ ಕೊಟ್ಟು ಕೆಚ್ಚಲು ಮಾತ್ರ ತಮ್ಮ ಹಟ್ಟಿಯಲ್ಲಿ ಇಟ್ಟುಕೊಂಡ ಪುಣ್ಯವಂತರನ್ನು ನಾನು ಇದೇ ಮೊದಲು ಕಂಡದ್ದು. ಆದರೂ ಷರತ್ತಿನ ಕೊನೆಯಲ್ಲಿ 'ವಿಶೇಷ ಅನುಮತಿಗೆ ಬರೆಯಿರಿ' ಎಂದಿತ್ತಾದ್ದರಿಂದ, ಹುಟ್ಟಿದ ದಿನ, ಫೋನ್ ನಂಬರು ಎಲ್ಲ ಕೊಟ್ಟು, ಒಪ್ಪಿ ಗುರುತು ಹಾಕಿದೆ. ಹಾಕಿದ ಮೇಲೆ ಮಾತು ಮಾತೇ.

ಅಂದಿನಿಂದ ತಮ್ಮ ಹಾಡನ್ನು ಕಿಟಕಿ ಮುಚ್ಚಿ ಕೇಳಿದೆ. ನಮ್ಮ ಗೋಡೆಗೆ ಹತ್ತಿದ ಮನೆ ಹಜಿರಾ ಬೀಯದು. ನಲವತ್ತು ವರ್ಷದಿಂದ ಎರಡೂ ಮನೆಯ ಸಾರಿನ ವಾಸನೆ ಎರಡೂ ಮನೆಗೆ ಸೇರಿದ್ದು. "ಅಕ್ಕೋರೆ, ಇಂಥ ಬ್ಯಾಸಗ್ಯಾಗ ಕಿಟಕಿ ಯಾಕ ಹಾಕ್ಕೊಂಡೀರಿ?" ಎಂದು ಆಕೆ ಕೇಳಿದಾಗ ಇದ್ದ ವಿಷಯ ಹೇಳಿ, ಈ ಹಾಡು ನಿನಗೆ ಕೇಳಬಾರದು ಎಂದೆ. "ಹೌದೇನ್ರಿ, ಹಾಡು ಹಚ್ಚೋ ಮುಂದ ಹೇಳ್ರಿ, ಕಿವಿ ತೆಗದು ಗೂಟಕ್ಕ ಹಾಕ್ತೀನಿ" ಎಂದಳು. ಆದ್ದರಿಂದ ಸದ್ದು ಸೋರದ ಗೋಡೆಯೊಂದನ್ನು ತಾವು ಉಚಿತವಾಗಿಯೂ ಕಾನೂನುಬದ್ಧವಾಗಿಯೂ ಕಳಿಸಿಕೊಡಬೇಕೆಂದು ಪ್ರಾರ್ಥಿಸುತ್ತೇನೆ.

ಇನ್ನೊಂದು ಅಪರಾಧವೂ ನನ್ನಿಂದ ನಡೆಯಿತು. ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿರುವಾಗ ಆ ಧಾಟಿ ತಾನಾಗಿ ನನ್ನ ಬಾಯಿಗೆ ಬಂತು, ರೊಟ್ಟಿಯ ಸದ್ದೇ ತಾಳವಾಯಿತು, ಹಿತ್ತಲಲ್ಲಿದ್ದ ಹಜಿರಾ ಬೀ ತಲೆದೂಗಿದಳು. ಇದು ಹದಿನೇಳನೆಯ ಷರತ್ತಿನ ಪ್ರಕಾರ ಬಹಿರಂಗ ಗಾಯನವೇ ಎಂದು ವಿಚಾರಿಸಿ, ತಪ್ಪೊಪ್ಪಿಕೊಂಡು, ಸಭೆಯಲ್ಲಿ ಹಾಡಲು ಅನುಮತಿಯನ್ನೂ ಬೇಡಿ ಅನುರಾಧಾಳ ಕೈಯಿಂದ ಪತ್ರ ಬರೆಸಿದೆ. ತಮ್ಮ ಉತ್ತರ ಅರೆಗಳಿಗೆಯಲ್ಲಿ ಬಂತು: 'ನಿಮ್ಮ ಪ್ರೀತಿಗೆ ಧನ್ಯವಾದ! ನಮಗೆ ಐದು ನಕ್ಷತ್ರ ಕೊಡಿ.' ಇನ್ನೂ ಎರಡು ಸಲ ಬರೆಸಿದೆ, ಇನ್ನೂ ಎರಡು ಸಲ ನಕ್ಷತ್ರ ಕೇಳಿದಿರಿ. ಅಬ್ರಹಾಮನಿಗೆ ದೇವರು ನಕ್ಷತ್ರಗಳನ್ನು ಎಣಿಸು ಎಂದನೇ ಹೊರತು ತನಗೆ ಐದು ಕೊಡು ಎನ್ನಲಿಲ್ಲ.

ಯುವಜನರ ಭಾನುವಾರಕ್ಕೆ ಎಂಟು ದಿನ ಉಳಿದಿತ್ತು. ನಾಲ್ವರಲ್ಲಿ ಗಿಟಾರು ನುಡಿಸುವ ಅಜೀತ ಬಸವಕಲ್ಯಾಣಕ್ಕೆ ಒಮ್ಮೆ ಹೋಗಿ ನೋಡಿಕೊಂಡೂ ಬಂದ. ಆ ಸಾಯಂಕಾಲ ನಾನು ತಮ್ಮನ್ನು ಬಾಯ್ತುಂಬ ಬೈಯುತ್ತಿದ್ದೆ: ಹಾಡು ಕೊಟ್ಟ ಮೇಲೆ ಬಾಯಿಗೆ ಕೀಲಿ ಹಾಕುವವರು ಎಂಥ ಜನ, ಅವರ ಹಾಡು ಅವರ ಪೆಟ್ಟಿಗೆಯಲ್ಲೇ ಕೊಳೆಯಲಿ ಎಂದೆ. ಅನುರಾಧಾ ಫೋನಿನಿಂದ ಕಣ್ಣೆತ್ತದೆ ಹೇಳಿದಳು: "ಆಯಿ, ಇದು ನಿನ್ನ ಪೆಟ್ಟಿಗಿ ಕಾನೂನೇ ಅದ ನೋಡು. ಕೇಳಬಹುದು, ಬರ್ಕೋಬಾರ್ದು. ಹಾಡಬೇಕಂದ್ರ ನಿನ್ನ ಮುಂದೇ ಹಾಡಬೇಕು, ನೀ ಹೇಳಿದಂಗ."

ಇದನ್ನು ತಮಗೆ ಬಿಡಿಸಿ ಹೇಳಬೇಕು. ನಮ್ಮ ಅತ್ತೆ ಸುಂದರಬಾಯಿ ಪಕ್ಕದ ಹುಡಗಿ ಎಂಬ ಊರಿಗೂ ಅದರಾಚೆಗೂ ಬರಿಗಾಲಲ್ಲಿ ನಡೆದು ಸುವಾರ್ತೆ ಹೇಳಿದವರು, ದಾರಿಯಲ್ಲಿ ಕಟ್ಟಿದ ನಲವತ್ತೇಳು ಭಜನೆಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟವರು. ಅದು ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿದೆ, ಕೀಲಿ ನನ್ನ ಸೊಂಟದಲ್ಲಿದೆ. ಜನ ತಮ್ಮ ಮನಸ್ಸಿಗೆ ಬಂದಂತೆ ಹಾಡಿ ಕೆಡಿಸಿಯಾರು ಎಂದು ಯಾರಿಗೂ ಬರೆದುಕೊಳ್ಳಲು ಕೊಟ್ಟವಳಲ್ಲ. ಹುಡಗಿಯ ಸೋನುಬಾಯಿ ಇಪ್ಪತ್ತೆರಡು ವರ್ಷಗಳ ಹಿಂದೆ ತಮ್ಮೂರ ಸಭೆಗೆಂದು ಕೇಳಿಕೊಂಡು ಬಂದಿದ್ದಳು. ಕೂಡಿಸಿ, ಊಟ ಹಾಕಿ, ಎರಡು ಹಾಡು ಕೇಳಿಸಿ ಬರಿಗೈಯಲ್ಲಿ ಕಳಿಸಿದ್ದೆ. ತಮ್ಮ ಮುಖ ನನಗೆ ಗೊತ್ತಿಲ್ಲ ಎಂಬ ಅರ್ಥದಲ್ಲಿ ಈ ಪತ್ರ ಶುರುಮಾಡಿದೆ. ಆ ಸಾಯಂಕಾಲ ಸ್ವಲ್ಪ ಗೊತ್ತಾಯಿತು, ನೋಡಿ ಸಂತೋಷವಾಗಲಿಲ್ಲ. ಮೊಮ್ಮಗಳನ್ನು ಅಲ್ಲೇ ಬಿಟ್ಟು ಎದ್ದುಹೋದೆ. ನನಗೆ ಹಾಗೆ ಎದ್ದುಹೋಗಿ ರೂಢಿಯಿಲ್ಲ.

ಈಗ ನನ್ನ ತೀರ್ಮಾನ. ತಾವು ಯೋಚಿಸಲಿ ಎಂದು ತಿಳಿಸುತ್ತಿಲ್ಲ, ಆಗಿಹೋಗಿದೆ. ಮರುದಿನ ತಮ್ಮ ಹಾಡನ್ನು ಫೋನಿನಿಂದ ಅಳಿಸಿ, ಒಪ್ಪಿದ್ದನ್ನು ರದ್ದು ಮಾಡಿಸಿದೆ. ಪೆಟ್ಟಿಗೆ ತೆಗೆದು ನೋಟುಬುಕ್ಕನ್ನು ಅನುರಾಧಾಳ ಮಡಿಲಲ್ಲಿಟ್ಟೆ. ಅವಳು ನಲವತ್ತೇಳು ಹಾಡುಗಳ ಫೋಟೋ ತೆಗೆದು ನನ್ನ ಎದುರಿಗೇ ಹುಡಗಿಗೆ ಕಳಿಸಿದಳು. ಸೋನುಬಾಯಿ ಕೂಡಲೇ ಫೋನು ಮಾಡಿ, "ಅಕ್ಕೋರೆ, ಇಷ್ಟು ವರ್ಷ ಕೀಲಿ ಜಂಗ್ ಹತ್ತಿತ್ತೇನ್ರಿ?" ಎಂದಳು. ತುಕ್ಕು ಹತ್ತಿತ್ತು ಎಂದೆ.

ಕಳೆದ ಭಾನುವಾರ ನಾಲ್ವರೂ ಹುಮನಾಬಾದಿನಲ್ಲೇ ಹಾಡಿದರು. 'ಹುಡಗಿಯ ದಾರಿಗೆ ನೆರಳಿಲ್ಲ ತಂದೆ, ನಿನ್ನ ಸೆರಗಿನ ಹೊರತು' ಎಂಬ ನಮ್ಮ ಅತ್ತೆಯ ಹಾಡನ್ನು ಗಿಟಾರು, ಡ್ರಮ್ಮು, ಹಳೆಯ ತಾಳದೊಂದಿಗೆ ಹಾಡಿದರು. ಎರಡನೆಯ ಚರಣವನ್ನು ಅನುರಾಧಾ ಬೇರೆ ಧಾಟಿಗೆ ತಿರುಗಿಸಿದಳು, ನನ್ನನ್ನು ಕೇಳಲಿಲ್ಲ. ನಾನು ತಾಳ ಬಿಡಲಿಲ್ಲ. ಡ್ರಮ್ಮು ಅತಿಯಾಯಿತು, ಅದನ್ನು ಅವರಿಗೆ ಬೇರೆಯಾಗಿ ಹೇಳಿದ್ದೇನೆ, ತಮಗೆ ಸಂಬಂಧವಿಲ್ಲ.

ತಮ್ಮ ನಲವತ್ತೊಂದರಲ್ಲಿ ಒಂದಕ್ಕೂ ಇನ್ನು ಬದ್ಧಳಲ್ಲದ,
ಆದರೂ ತಮ್ಮ ವಿಶ್ವಾಸಿ,
ಎಸ್ತೇರಮ್ಮ
(ಪೂರ್ತಿ ಹೆಸರು ಅದೇ)

ತಾ.ಕ.: ತಮ್ಮ ಐದು ದಿಕ್ಕು ನೋಡುವ ತಂಡಗಳಿಗೆ ನಮ್ಮ ಅತ್ತೆಯ ಹಾಡು ಬೇಕೆನಿಸಿದರೆ ಧಾರಾಳವಾಗಿ ತೆಗೆದುಕೊಳ್ಳಲಿ. ಹುಟ್ಟಿದ ದಿನ, ಫೋನ್ ನಂಬರು, ನಕ್ಷತ್ರ ಏನೂ ಕೊಡುವುದು ಬೇಡ. ಷರತ್ತು ಒಂದೇ: ಹಾಡುವಾಗ ಕಿಟಕಿ ತೆಗೆದಿರಬೇಕು. ತಲೆ ಬಾಚಿಕೊಂಡರೆ ಒಳ್ಳೆಯದು, ಒತ್ತಾಯವಿಲ್ಲ.